ಟರ್ಬೊ ಬಿಚ್ಚಿಸುವ ಮುನ್ನ

ಹತ್ತು ಹದಿನೈದು ವರ್ಷ ಓಡಿದ ಡೀಸೆಲ್ ಕಾರಿನಡಿ ಆಯಿಲ್ ತೊಟ್ಟಿಕ್ಕತೊಡಗಿ, ಅದರ ಹಿಂದೆಯೇ ಪಿಕಪ್ಪೂ ಕುಗ್ಗಿತೆಂದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು: "ಟರ್ಬೊ ಹೋಗಿದೆ ಸಾರ್." ಈ ಒಂದು ಮಾತಿಗೆ ಹತ್ತಾರು ಸಾವಿರ ರೂಪಾಯಿ ಕೈಬಿಡುತ್ತದೆ. ಹೊಸದೋ ರೀಕಂಡೀಷನ್ ಮಾಡಿದ್ದೋ ಒಂದು ಟರ್ಬೊ ಬಂದು ಕೂರುತ್ತದೆ. ಗಾಡಿ ಸ್ವಲ್ಪ ದಿನ ಚೆನ್ನಾಗಿ ಎಳೆಯುತ್ತದೆ. ಆಮೇಲೆ ಮತ್ತದೇ ಹೊಗೆ, ಅದೇ ಆಯಿಲ್. ಹಳೆಯ ಟರ್ಬೊವನ್ನು ಕೆಡಿಸಿದ ಕಾರಣ ಬಾನೆಟ್ಟಿನಡಿ ಹಾಗೇ ಉಳಿದಿರುತ್ತದೆ, ಹೊಸದನ್ನೂ ಅದೇ ಕೆಡಿಸುತ್ತದೆ. ಎಷ್ಟೋ ಸಲ ಹಳೆಯ ಟರ್ಬೊ ಕೆಟ್ಟೇ ಇರುವುದಿಲ್ಲ.

ವಿಜಯವಾಡ, ವಿಶಾಖಪಟ್ಟಣಗಳಲ್ಲಿ ನೆಲೆಸಿದ ಅಥವಾ ಬೆಂಗಳೂರು, ಬಳ್ಳಾರಿ ಕಡೆಯಿಂದ ಅಲ್ಲಿಗೆ ಗಾಡಿ ಓಡಿಸಿಕೊಂಡು ಹೋಗುವ ಕನ್ನಡಿಗರಿಗೆ ಈ ಲೇಖನ. 2007ರಲ್ಲಿ ಸ್ವಿಫ್ಟ್ ಡೀಸೆಲ್ ಜೊತೆ ಮನೆಮಾತಾದ 1,248 ಸಿಸಿಯ ಮಲ್ಟಿಜೆಟ್ ಎಂಜಿನ್ ಡಿಜೈರ್, ರಿಟ್ಜ್, ಎರ್ಟಿಗಾ, ಟಾಟಾ ವಿಸ್ಟಾ, ಮಾಂಜಾ, ಫಿಯೆಟ್ ಲೀನಿಯಾ ಹೀಗೆ ಹತ್ತು ಕಡೆ ಕೂತಿದೆ. ಅದಲ್ಲದೆ ಇನ್ನೋವಾ, ಎಂಹಾಕ್ ಸ್ಕಾರ್ಪಿಯೊ, ಹಳೆಯ ವರ್ನಾ ಸಿಆರ್‌ಡಿಐ. ಗುಣಮಟ್ಟದ ಗಾಡಿಗಳೇ, ಆದರೆ ರಬ್ಬರಿಗೆ ವಯಸ್ಸಾಗಿದೆ. ರಿಪೇರಿಗೆ ಎರಡೂ ಊರುಗಳಲ್ಲಿ ಆಟೋನಗರಗಳಿವೆ. ವಿಜಯವಾಡದ ಜವಾಹರ್ ಆಟೋನಗರ ಲಾರಿ ಬಾಡಿ ಕಟ್ಟುವುದಕ್ಕೇ ಹೆಸರಾದದ್ದು. ಲೇಥು, ವೆಲ್ಡಿಂಗು, ಸೀಲು, ಗ್ಯಾಸ್ಕೆಟ್ಟು, ಗುಜರಿ ಎಂಜಿನ್ನು, ಏನು ಬೇಕಾದರೂ ಕೂಗಳತೆಯಲ್ಲಿ ಸಿಗುತ್ತದೆ. ವಿಶಾಖಪಟ್ಟಣದ್ದು ಗಾಜುವಾಕ ಬಳಿ ಇದೆ. ಎಲ್ಲವೂ ಸಿಗುವ ಜಾಗದಲ್ಲಿ ಎಲ್ಲವನ್ನೂ ಬಿಚ್ಚಿಬಿಡುವ ಉತ್ಸಾಹವೂ ಹೆಚ್ಚು. ಆದ್ದರಿಂದ ಏನನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ಮಾಲೀಕನೇ ತಿಳಿದುಕೊಂಡು ಹೋಗುವುದು ಒಳ್ಳೆಯದು.

ಆಯಿಲ್ಲಿಗೂ ಪಿಕಪ್ಪಿಗೂ ಏನು ನಂಟು

ಟರ್ಬೊ ಅಂದರೆ ಒಂದೇ ಕಡ್ಡಿಯ ಎರಡು ತುದಿಗೆ ಎರಡು ಚಕ್ರ. ಸೈಲೆನ್ಸರಿನತ್ತ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ಚಕ್ರ ಏರ್ ಫಿಲ್ಟರಿನಿಂದ ಗಾಳಿ ಎಳೆದು ಒತ್ತಿ ಎಂಜಿನ್ನಿಗೆ ಕಳಿಸುತ್ತದೆ. ಹೀಗೆ ಒತ್ತಿ ಕಳಿಸಿದ ಗಾಳಿಯ ಹೆಚ್ಚುವರಿ ಒತ್ತಡವೇ ಬೂಸ್ಟ್. ಸಣ್ಣ ಕಾರುಗಳ ಟರ್ಬೊ ನಿಮಿಷಕ್ಕೆ ಒಂದೂವರೆ ಎರಡು ಲಕ್ಷ ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಕಡ್ಡಿಯನ್ನು ಹೊತ್ತಿರುವುದು ಎಂಜಿನ್ ಆಯಿಲ್ಲಿನ ತೆಳು ಪದರ.

ಇಲ್ಲಿ ಬಹಳ ಮಂದಿಗೆ ಗೊತ್ತಿರದ ಸಂಗತಿಯೊಂದಿದೆ. ಟರ್ಬೊ ಒಳಗಿನ ಸೀಲ್ ಕ್ರ್ಯಾಂಕ್ ಸೀಲಿನಂತೆ ರಬ್ಬರಿನದಲ್ಲ. ಪಿಸ್ಟನ್ ರಿಂಗಿನ ಜಾತಿಯ ಸಣ್ಣ ಲೋಹದ ಉಂಗುರ ಅದು. ಆಯಿಲನ್ನು ತಡೆಯುವ ಕೆಲಸವನ್ನು ಬಹುಪಾಲು ಮಾಡುವುದು ಚಕ್ರದ ಕಡೆಯಿರುವ ಗಾಳಿಯ ಒತ್ತಡ. ಬೇರಿಂಗನ್ನು ತೋಯಿಸಿದ ಆಯಿಲ್ ನೊರೆಯಾಗಿ, ತನ್ನ ಭಾರಕ್ಕೆ ತಾನೇ ರಿಟರ್ನ್ ಪೈಪಿನಲ್ಲಿ ಇಳಿದು ಎಂಜಿನ್ ತಳದ ಚೇಂಬರಿಗೆ ಸೇರಬೇಕು, ಅದಕ್ಕೆ ಪಂಪಿನ ಸಹಾಯವಿಲ್ಲ. ಆ ದಾರಿಯಲ್ಲಿ ಸ್ವಲ್ಪ ಅಡ್ಡಿಯಾದರೂ ಸಾಕು, ಸೀಲ್ ಎಷ್ಟೇ ಹೊಸದಿರಲಿ, ಆಯಿಲ್ ಎರಡೂ ಚಕ್ರಗಳ ಕಡೆ ಉಕ್ಕುತ್ತದೆ. ಹೀಗೆ ಉಕ್ಕಲು ನಾಲ್ಕು ಕಾರಣಗಳಿರಬಹುದು. ರಿಟರ್ನ್ ಪೈಪಿನಲ್ಲಿ ಇಂಗಾಲ ಕಟ್ಟಿರಬಹುದು, ಅಥವಾ ಹಿಂದೆ ಯಾರೋ ಧಾರಾಳವಾಗಿ ಬಳಿದ ಸಿಲಿಕಾನ್ ಪೇಸ್ಟ್ ಒಳಗೆ ಉಬ್ಬಿ ಬಾಯಿ ಮುಚ್ಚಿರಬಹುದು. ಡಿಪ್ ಸ್ಟಿಕ್ಕಿನ ಮೇಲಿನ ಗೆರೆ ದಾಟಿ ಆಯಿಲ್ ಸುರಿದಿರಬಹುದು. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಕಟ್ಟಿಕೊಂಡು ಚೇಂಬರಿನಲ್ಲಿ ಒತ್ತಡ ಏರಿರಬಹುದು. ಏರ್ ಫಿಲ್ಟರ್ ಮುಚ್ಚಿಹೋಗಿ, ಗಾಳಿ ಸಿಗದ ಟರ್ಬೊ ಸೀಲಿನ ಕಡೆಯಿಂದ ಆಯಿಲನ್ನೇ ಹೀರುತ್ತಿರಬಹುದು. ಈ ನಾಲ್ಕರಲ್ಲಿ ಯಾವುದಕ್ಕೂ ಟರ್ಬೊ ಬದಲಿಸುವುದು ಪರಿಹಾರವಲ್ಲ.

ಇನ್ನು ಬ್ರೀದರ್ ಪೈಪ್ ಬಂದು ಸೇರುವುದು ಟರ್ಬೊ ಗಾಳಿ ಎಳೆಯುವ ಬಾಯಿಗೇ. ಆದ್ದರಿಂದ ಗಾಳಿಯ ಜೊತೆ ಸ್ವಲ್ಪ ಆಯಿಲ್ ಮಂಜು ಯಾವ ಎಂಜಿನ್ನಿನಲ್ಲೂ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಡೆ ಹೋಗುತ್ತದೆ. ಹೋಸ್ ಪೈಪಿನ ಒಳಗೆ ತೆಳುವಾದ ಜಿಡ್ಡು ಕಂಡರೆ ಗಾಬರಿ ಬೇಡ. ಪೈಪ್ ಓರೆ ಮಾಡಿದಾಗ ಆಯಿಲ್ ಸುರಿದರೆ ಮಾತ್ರ ಯೋಚಿಸಬೇಕು. ಈ ಜಿಡ್ಡಿನಿಂದ ನಮಗೊಂದು ಲಾಭವೂ ಇದೆ. ಹೋಸಿನ ಯಾವ ಜೋಡಣೆಯಲ್ಲಿ ಗಾಳಿ ಸೋರುತ್ತದೋ ಅಲ್ಲಿ ಹೊರಗಡೆ ಜಿಡ್ಡು ಕೂತು, ಅದರ ಮೇಲೆ ಧೂಳು ಮೆತ್ತಿ ಕಪ್ಪು ಪಟ್ಟಿ ಕಟ್ಟುತ್ತದೆ. ಮಾಲೀಕ ಅದನ್ನು ಆಯಿಲ್ ಲೀಕ್ ಎಂದುಕೊಳ್ಳುತ್ತಾನೆ. ನಿಜವಾಗಿ ಅಲ್ಲಿ ಸೋರುತ್ತಿರುವುದು ಬೂಸ್ಟ್. ಎರಡು ದೂರುಗಳಿಗೆ ಒಂದೇ ಸಡಿಲ ಕ್ಲಾಂಪ್ ಕಾರಣವಾಗುವುದು ಹೀಗೆ.

ಮೊದಲು ಸೋರಿಕೆ

ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ, ಮುಂದಿನ ಚಕ್ರಗಳ ಜಾಗವನ್ನು ಅದರ ಮೇಲೆ ಗುರುತು ಮಾಡಿಕೊಳ್ಳಿ. ಬೆಳಗ್ಗೆ ಕಲೆಯ ಬಣ್ಣ, ವಾಸನೆ, ಜಾಗ ಮೂರನ್ನೂ ನೋಡಿ. ಎಂಜಿನ್ ಆಯಿಲ್ ಡೀಸೆಲ್ ಗಾಡಿಯಲ್ಲಿ ಕಡುಕಪ್ಪು. ಗೇರ್ ಆಯಿಲ್ಲಿಗೆ ಗಂಧಕದ ಘಾಟು. ಪವರ್ ಸ್ಟೀರಿಂಗ್ ಆಯಿಲ್ ಸಾಮಾನ್ಯವಾಗಿ ಕೆಂಪು. ಕೂಲೆಂಟ್ ಹಸಿರೋ ಗುಲಾಬಿಯೋ ಇದ್ದು ಬೆರಳಿಗೆ ನೀರುನೀರಾಗಿರುತ್ತದೆ. ಬಣ್ಣವೂ ವಾಸನೆಯೂ ಇಲ್ಲದ ನೀರು ಏಸಿಯದು. ವಿಶಾಖಪಟ್ಟಣದ ಸೆಖೆಗಾಳಿಯಲ್ಲಿ ಏಸಿ ನೀರು ಧಾರಾಳ ಸುರಿಯುತ್ತದೆ, ಅದಕ್ಕೆ ಹೆದರಿ ಗ್ಯಾರೇಜಿಗೆ ಓಡುವವರೂ ಇದ್ದಾರೆ.

ಎಂಜಿನ್ ಆಯಿಲ್ಲೇ ಎಂದು ಖಾತ್ರಿಯಾದರೆ, ತೊಟ್ಟು ಬಿದ್ದ ಜಾಗದ ನೇರ ಮೇಲೆಯೇ ಲೀಕ್ ಇದೆ ಎಂದು ತಿಳಿಯಬೇಡಿ. ಆಯಿಲ್ ಮೇಲಿನಿಂದ ಕೆಳಗೆ ಹರಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಎರಚುತ್ತದೆ. ಟ್ಯಾಪೆಟ್ ಕವರಿನಲ್ಲಿ ಶುರುವಾದದ್ದು ಚೇಂಬರಿನ ತುದಿಯಲ್ಲಿ ತೊಟ್ಟಿಕ್ಕಬಹುದು, ಅದನ್ನು ನೋಡಿ ಚೇಂಬರ್ ಪ್ಯಾಕಿಂಗ್ ಬದಲಿಸಿದವರಿಗೆ ಲೆಕ್ಕವಿಲ್ಲ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ.

ಜಿಡ್ಡು ಮೆತ್ತಿದ ಎಂಜಿನ್ನಿನಲ್ಲಿ ಅದು ಕಾಣುವುದಿಲ್ಲ, ಮೊದಲು ತೊಳೆಸಲೇಬೇಕು. ಎಂಜಿನ್ ತಣ್ಣಗಿರಬೇಕು. ಆಲ್ಟರ್ನೇಟರ್, ಫ್ಯೂಸ್ ಡಬ್ಬಿ, ಎಂಜಿನ್ ಕಂಪ್ಯೂಟರ್, ಏರ್ ಫಿಲ್ಟರ್ ಬಾಯಿ ಇವನ್ನು ಪ್ಲಾಸ್ಟಿಕ್ ಕಟ್ಟಿ ಮುಚ್ಚಬೇಕು. ಡಿಗ್ರೀಸರ್ ಹಚ್ಚಿ, ಬ್ರಷ್ಷಿನಿಂದ ಉಜ್ಜಿ, ಕಡಿಮೆ ಒತ್ತಡದ ನೀರು ಹಾಯಿಸಿದರೆ ಸಾಕು. ಪೆಟ್ರೋಲಿನಲ್ಲಿ ತೊಳೆಯುತ್ತೇನೆ ಎಂದವರ ಕೈಗೆ ಗಾಡಿ ಕೊಡಬೇಡಿ. ಒಣಗಿದ ಮೇಲೆ ಅನುಮಾನದ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಬನ್ನಿ. ಬಿಳಿ ಪೌಡರಿನ ಮೇಲೆ ಹೊಸ ಆಯಿಲ್ ಕಂದು ಗೆರೆ ಎಳೆದಿರುತ್ತದೆ. ದೊಡ್ಡ ಗ್ಯಾರೇಜುಗಳಲ್ಲಿ ಆಯಿಲ್ಲಿಗೆ ಬಣ್ಣ ಬೆರೆಸಿ ಅತಿನೇರಳೆ (ಯುವಿ) ಟಾರ್ಚಿನಲ್ಲಿ ನೋಡುವ ವ್ಯವಸ್ಥೆ ಇರುತ್ತದೆ, ಅದು ಇನ್ನೂ ಖಚಿತ.

ಸಾಮಾನ್ಯವಾಗಿ ಸಿಕ್ಕಿಬೀಳುವ ಜಾಗಗಳು: ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಕ್ಯಾಮ್‌ಶಾಫ್ಟ್ ತುದಿಗೆ ಕೂತ ವ್ಯಾಕ್ಯೂಮ್ ಪಂಪಿನ ಓ-ರಿಂಗ್, ಆಯಿಲ್ ಫಿಲ್ಟರ್ ಹೌಸಿಂಗ್ ಮತ್ತು ಆಯಿಲ್ ಕೂಲರಿನ ಸೀಲು, ಟರ್ಬೊಗೆ ಆಯಿಲ್ ತರುವ ಪೈಪಿನ ತಾಮ್ರದ ವಾಷರ್, ರಿಟರ್ನ್ ಪೈಪಿನ ಗ್ಯಾಸ್ಕೆಟ್, ಕ್ರ್ಯಾಂಕಿನ ಮುಂದಿನ ಸೀಲು. ಹಿಂದಿನ ಕ್ರ್ಯಾಂಕ್ ಸೀಲ್ ಬಗ್ಗೆ ಮಾತ್ರ ಬೇರೆಯಾಗಿ ಹೇಳಬೇಕು. ಅದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇದೆ. ಅಲ್ಲಿಂದ ಸೋರಿದ ಆಯಿಲ್ ಕ್ಲಚ್ ಪ್ಲೇಟಿಗೆ ತಗುಲಿದರೆ ಕ್ಲಚ್ ಜಾರುತ್ತದೆ. ಆಗಲೂ ಮಾಲೀಕ ಹೇಳುವುದು "ಗಾಡಿ ಎಳೀತಿಲ್ಲ" ಎಂದೇ. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಜಿಗಿದು ಸ್ಪೀಡೋಮೀಟರ್ ಅಲ್ಲೇ ನಿಂತರೆ ಅದು ಕ್ಲಚ್. ಎರಡೂ ಸುಸ್ತಾಗಿ ಏರಿದರೆ ಮಾತ್ರ ಬೂಸ್ಟಿನ ಕಡೆ ಹೋಗಿ.

ಸೀಲು ಬದಲಿಸುವ ಮುಂಚೆ ಬ್ರೀದರ್ ನೋಡಲೇಬೇಕು. ಈ ಒಂದು ಕೆಲಸಕ್ಕೆ ಗ್ಯಾರೇಜುಗಳಲ್ಲಿ ಪುರುಸೊತ್ತು ಇರುವುದಿಲ್ಲ, ನೀವೇ ನೆನಪಿಸಬೇಕು. ಎಂಜಿನ್ ಐಡಲಿನಲ್ಲಿರುವಾಗ ಆಯಿಲ್ ಸುರಿಯುವ ಮುಚ್ಚಳ ತೆಗೆದು, ತಲೆಕೆಳಗಾಗಿ ಅದೇ ಬಾಯಿಯ ಮೇಲೆ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಎಗರಿ ಬಿದ್ದರೆ, ಬಾಯಿಂದ ಹೊಗೆ ಗಬಗಬನೆ ಬಂದರೆ ಚೇಂಬರಿನಲ್ಲಿ ಒತ್ತಡ ಹೆಚ್ಚಿದೆ ಎಂದರ್ಥ. ಡಿಪ್ ಸ್ಟಿಕ್ ತಾನಾಗಿ ಮೇಲೆದ್ದು ಬರುವುದೂ ಅದೇ ಸೂಚನೆ. ಬ್ರೀದರ್ ಹೋಸ್, ಆಯಿಲ್ ಬೇರ್ಪಡಿಸುವ ಡಬ್ಬಿ ಬಿಚ್ಚಿ ತೊಳೆದ ಮೇಲೂ ಹಾಗೇ ಇದ್ದರೆ ಪಿಸ್ಟನ್ ರಿಂಗ್ ಸವೆದಿದೆಯೇ ಎಂದು ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು. ಇದನ್ನು ಬಿಟ್ಟು ಒಂದು ಸೀಲ್ ಬದಲಿಸಿದರೆ ಒತ್ತಡ ಇನ್ನೊಂದು ಸೀಲನ್ನು ಹುಡುಕಿಕೊಂಡು ಹೋಗುತ್ತದೆ.

ಆಯಿಲ್ ಎಷ್ಟು ಇಳಿಯುತ್ತಿದೆ ಎಂಬುದಕ್ಕೆ ಲೆಕ್ಕ ಇಡಿ. ಸಮತಟ್ಟಾದ ಜಾಗ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ, ಆಮೇಲೆ ಡಿಪ್ ಸ್ಟಿಕ್. ನೆಲದ ಮೇಲೆ ಕಲೆಯೇ ಇಲ್ಲದೆ ಮಟ್ಟ ಇಳಿಯುತ್ತಿದ್ದರೆ ಎಂಜಿನ್ ಅದನ್ನು ಸುಡುತ್ತಿದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಹುಡುಕಿ.

ಬೂಸ್ಟ್ ಎಲ್ಲಿ ಹೋಯಿತು

ಬೆಂಗಳೂರಿನಿಂದ ವಿಜಯವಾಡಕ್ಕೆ ಸುಮಾರು 650 ಕಿಲೋಮೀಟರ್, ಅಲ್ಲಿಂದ ವಿಶಾಖಪಟ್ಟಣಕ್ಕೆ 16ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಇನ್ನೊಂದು 350. ಈ ದಾರಿಯಲ್ಲಿ ಗಾಡಿ 900 ಮೀಟರ್ ಎತ್ತರದಿಂದ ಸಮುದ್ರಮಟ್ಟಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ವಾತಾವರಣದ ಒತ್ತಡ ಸುಮಾರು 91 ಕಿಲೋಪಾಸ್ಕಲ್, ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲಿ 101. ಕೆಳಗೆ ಇಳಿದ ಗಾಡಿ ಸ್ವಲ್ಪ ಚುರುಕಾಗಬೇಕೇ ಹೊರತು ಮಂಕಾಗಬಾರದು. ಆದರೆ ವಿಜಯವಾಡದ ಮೇ ತಿಂಗಳ ಬಿಸಿಲು ಬೇರೆಯೇ ಲೆಕ್ಕ. 25 ಡಿಗ್ರಿಯಿಂದ 45 ಡಿಗ್ರಿಗೆ ಏರಿದರೆ ಗಾಳಿ ಸುಮಾರು ಶೇಕಡ 6ರಷ್ಟು ತೆಳುವಾಗುತ್ತದೆ, ಮೇಲೆ ಏಸಿಯ ಹೊರೆ. ಮಧ್ಯಾಹ್ನ ಬೆಂಜ್ ಸರ್ಕಲ್ ಫ್ಲೈಓವರ್ ಏರುವಾಗ ಮಂಕು, ಬೆಳಗಿನ ಜಾವ ಅದೇ ಜಾಗದಲ್ಲಿ ಚುರುಕು ಎಂದಾದರೆ ಅದು ಬಿಸಿಲಿನ ಕೆಲಸ, ರಿಪೇರಿ ಬೇಕಿಲ್ಲ. ಬೆಳಗ್ಗೆಯೂ ಮಂಕು, ಕಪ್ಪು ಹೊಗೆ, ಆಕ್ಸಿಲರೇಟರ್ ಒತ್ತಿದರೆ ಬುಸ್ಸೆನ್ನುವ ಶಬ್ದ, 3,000 ಆರ್‌ಪಿಎಂ ದಾಟದೆ ಗಾಡಿ ಮುದುಡಿಕೊಳ್ಳುವುದು: ಇವು ಇದ್ದರೆ ಮುಂದುವರಿಯಿರಿ.

ಮೊದಲ ಕೆಲಸ ಏರ್ ಫಿಲ್ಟರ್. ವಿಶಾಖಪಟ್ಟಣದ ಬಂದರು, ಉಕ್ಕಿನ ಕಾರ್ಖಾನೆಯ ಸುತ್ತ ಗಾಜುವಾಕ ಕಡೆ ಓಡಾಡುವ ಗಾಡಿಗಳ ಫಿಲ್ಟರನ್ನು ಕಂಪನಿ ಹೇಳಿದ ಕಿಲೋಮೀಟರಿನವರೆಗೆ ಕಾಯಿಸಬಾರದು. ಎರಡನೆಯದು ಡೀಸೆಲ್ ಫಿಲ್ಟರ್. ಅದು ಕಟ್ಟಿಕೊಂಡರೂ ಪಿಕಪ್ ಸಾಯುತ್ತದೆ, ಆದರೆ ಆಗ ಕಪ್ಪು ಹೊಗೆ ಬರುವುದಿಲ್ಲ. ಗಾಳಿ ಕಡಿಮೆಯಾದರೆ ಹೊಗೆ, ಡೀಸೆಲ್ ಕಡಿಮೆಯಾದರೆ ಹೊಗೆಯಿಲ್ಲದ ಸುಸ್ತು. ಬರೀ ಈ ಭೇದದಿಂದಲೇ ಅರ್ಧ ದಾರಿ ಸ್ಪಷ್ಟವಾಗುತ್ತದೆ.

ಮೂರನೆಯದು ಹೋಸುಗಳು. ವಿಜಯವಾಡದ ಆಟೋನಗರದಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಕೆಎ ನಂಬರಿನ ಡಿಜೈರ್ ತಂದವರು "ಟರ್ಬೊ ಬಿಚ್ಚಿ ನೋಡಿ ಅಣ್ಣ" ಎಂದರು. "ಮುಂದು ಪೈಪುಲು ಚೂದ್ದಾಂ ಸಾರ್, ತರ್ವಾತ ಟರ್ಬೊ" (ಮೊದಲು ಪೈಪು ನೋಡೋಣ, ಆಮೇಲೆ ಟರ್ಬೊ) ಎಂದವರೇ ಆತ ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ಹೋಸ್ ಕಳಚಿದರು. ಹೊರಗಿನಿಂದ ಅದಕ್ಕೆ ಏನೂ ಆಗಿರಲಿಲ್ಲ. ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿ, ಎರಡೂ ಹೆಬ್ಬೆರಳು ಹಾಕಿ ತುದಿಯನ್ನು ಹಿಂದಕ್ಕೆ ಮಡಚಿದಾಗ, ಕ್ಲಾಂಪ್ ಕೂರುವ ಪಟ್ಟಿಯಡಿಯಲ್ಲೇ ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ನಿಂತಾಗ ಮುಚ್ಚಿರುತ್ತದೆ, ಒತ್ತಡ ಬಂದಾಗ ತೆರೆಯುತ್ತದೆ. ಟಾರ್ಚ್ ಹಿಡಿದು ಎಷ್ಟು ಹೊತ್ತು ನೋಡಿದರೂ ಇಂಥದ್ದು ಕಾಣುವುದಿಲ್ಲ. ಹೋಸನ್ನು ಕಳಚಬೇಕು, ಒರೆಸಬೇಕು, ಮಡಚಬೇಕು. ಆಯಿಲ್ ಕುಡಿದ ರಬ್ಬರ್ ಮೆತ್ತಗಾಗಿ ಉಬ್ಬಿರುತ್ತದೆ. ಅಂಥದ್ದಕ್ಕೆ ಕ್ಲಾಂಪ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಬದಲಿಸಿಬಿಡಿ. ಟ್ಯಾಪೆಟ್ ಕವರಿನ ಆಯಿಲ್ ದಿನವೂ ಅದರ ಮೇಲೆ ತೊಟ್ಟಿಕ್ಕುತ್ತಿದ್ದರೆ ಹೊಸ ಹೋಸಿನ ಆಯಸ್ಸೂ ಅಷ್ಟೇ.

ಕಣ್ಣಿಗೆ ಸಿಗದ ಸೋರಿಕೆಗೆ ಪ್ರೆಷರ್ ಟೆಸ್ಟ್ ಮಾಡಿಸಬೇಕು. ಟರ್ಬೊ ಗಾಳಿ ಎಳೆಯುವ ಬಾಯಿಗೆ ಮುಚ್ಚಳ ಬಿಗಿದು, ರೆಗ್ಯುಲೇಟರ್ ಮೂಲಕ ಅರ್ಧ ಬಾರ್‌ನಿಂದ ಒಂದು ಬಾರ್ ಒಳಗೆ ಗಾಳಿ ತುಂಬಿ, ಜೋಡಣೆಗಳ ಮೇಲೆ ಸರ್ಫ್ ನೀರು ಎರಚುತ್ತಾರೆ. ಗುಳ್ಳೆ ಬಂದಲ್ಲಿ ಲೀಕ್. ಎರಡು ಎಚ್ಚರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ರೆಗ್ಯುಲೇಟರ್ ಇಲ್ಲದೆ ನೇರ ಬಿಡಬಾರದು. ಬ್ರೀದರ್ ಪೈಪನ್ನು ಬೇರ್ಪಡಿಸಿ ಬಾಯಿ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಚೇಂಬರಿಗೆ ನುಗ್ಗಿ ಚೆನ್ನಾಗಿದ್ದ ಸೀಲುಗಳೂ ಹೋಗುತ್ತವೆ. ಇಂಟರ್‌ಕೂಲರನ್ನೂ ಇದೇ ಪರೀಕ್ಷೆಗೆ ಒಡ್ಡಿ. ಬಂಪರಿನ ಹಿಂದೆ ಕಲ್ಲೇಟು ತಿನ್ನುವ ಜಾಗ ಅದು. ಅಲ್ಯೂಮಿನಿಯಮ್ಮಿಗೆ ಪ್ಲಾಸ್ಟಿಕ್ ಡಬ್ಬಿ ಕಚ್ಚಿಸಿದ ಅಂಚಿನಲ್ಲಿ ಸೋರುವುದು ಹೆಚ್ಚು, ವಿಶಾಖಪಟ್ಟಣದ ಭೀಮಿಲಿ ರಸ್ತೆಯ ಉಪ್ಪುಗಾಳಿಯಲ್ಲಿ ನಿಲ್ಲುವ ಗಾಡಿಗಳಲ್ಲಿ ಕ್ಲಾಂಪುಗಳೂ ತುಕ್ಕು ಹಿಡಿದು ಹಿಡಿತ ಬಿಡುತ್ತವೆ.

ಇಲ್ಲಿಯವರೆಗೆ ಏನೂ ಸಿಗದಿದ್ದರೆ ನಿಮ್ಮದು ಯಾವ ಬಗೆಯ ಟರ್ಬೊ ಎಂದು ತಿಳಿಯಬೇಕಾಗುತ್ತದೆ, ಏಕೆಂದರೆ ಒಂದೇ ದೋಷ ಎರಡು ಬಗೆಯಲ್ಲಿ ತದ್ವಿರುದ್ಧ ಫಲ ಕೊಡುತ್ತದೆ. 75 ಅಶ್ವಶಕ್ತಿಯ ಮಲ್ಟಿಜೆಟ್‌ನಂಥವುಗಳಲ್ಲಿರುವುದು ವೇಸ್ಟ್‌ಗೇಟ್. ಬೂಸ್ಟ್ ಮಿತಿ ಮೀರಿದಾಗ ಆ ಒತ್ತಡವೇ ಒಂದು ಬಾಗಿಲನ್ನು ತಳ್ಳಿ ಹೊಗೆಯನ್ನು ಬೈಪಾಸ್ ಮಾಡುತ್ತದೆ. ಅದರ ಸಣ್ಣ ಹೋಸ್ ಸೀಳಿದರೆ ಬಾಗಿಲು ತೆರೆಯದೆ ಬೂಸ್ಟ್ ಹೆಚ್ಚಾಗುತ್ತದೆ. ಬಾಗಿಲು ಸವೆದು ಸರಿಯಾಗಿ ಮುಚ್ಚದಿದ್ದರೆ ಬೂಸ್ಟ್ ಕಡಿಮೆಯಾಗುತ್ತದೆ. 90 ಅಶ್ವಶಕ್ತಿಯ ಮಲ್ಟಿಜೆಟ್, ಎಂಹಾಕ್, ವರ್ನಾಗಳದ್ದು ವಿಜಿಟಿ. ಅದರೊಳಗೆ ತಿರುಗಬಲ್ಲ ಸಣ್ಣ ರೆಕ್ಕೆಗಳಿವೆ, ಹೆಚ್ಚಿನ ಹಳೆಯ ಗಾಡಿಗಳಲ್ಲಿ ಅವನ್ನು ಆಡಿಸುವುದು ವ್ಯಾಕ್ಯೂಮ್. ಇಲ್ಲಿ ವ್ಯಾಕ್ಯೂಮ್ ಹೋಸ್ ಸೀಳಿದರೆ ರೆಕ್ಕೆಗಳು ತೆರೆದೇ ಉಳಿದು ಕಡಿಮೆ ವೇಗದಲ್ಲಿ ಬೂಸ್ಟ್ ಏಳುವುದೇ ಇಲ್ಲ. ಬಾನೆಟ್ ತೆರೆದು ಟರ್ಬೊ ಪಕ್ಕದ ತಟ್ಟೆಯಾಕಾರದ ಆಕ್ಚುಯೇಟರನ್ನು ನೋಡುತ್ತಾ ಬೇರೆಯವರಿಂದ ಸ್ಟಾರ್ಟ್ ಮಾಡಿಸಿ. ವ್ಯಾಕ್ಯೂಮ್ ವಿಜಿಟಿಯಲ್ಲಿ ಅದರ ಕಡ್ಡಿ ಸಾಮಾನ್ಯವಾಗಿ ತಡೆಯಿಲ್ಲದೆ ಒಳಗೆ ಸರಿಯುತ್ತದೆ. ಸರಿಯದಿದ್ದರೆ ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟು ನೋಡಿಸಿ. ಆಗ ಸರಿದರೆ ಹೋಸೋ ಸೊಲೆನಾಯ್ಡೋ ವ್ಯಾಕ್ಯೂಮ್ ಪಂಪೋ ಕೆಟ್ಟಿದೆ. ಆಗಲೂ ಸರಿಯದೆ ಬಿಗಿದಿದ್ದರೆ ಡಯಾಫ್ರಮ್ ಹರಿದಿದೆ ಅಥವಾ ರೆಕ್ಕೆಗಳು ಮಸಿ ಕಟ್ಟಿ ಅಂಟಿಕೊಂಡಿವೆ. ಪಿಕಪ್ ಕುಗ್ಗಿದ ಕಾಲಕ್ಕೇ ಬ್ರೇಕ್ ಪೆಡಲೂ ಗಟ್ಟಿಯಾಗಿದ್ದರೆ ವ್ಯಾಕ್ಯೂಮ್ ಪಂಪಿನ ಮೇಲೆ ಅನುಮಾನ ಇಡಿ (ಬ್ರೇಕಿಗೂ ಬಲ ಕೊಡುವುದು ಅದೇ), ಆ ಗಾಡಿಯನ್ನು ಆ ಸ್ಥಿತಿಯಲ್ಲಿ ಓಡಿಸಬೇಡಿ.

ಊರೊಳಗೇ ಎರಡನೇ ಗೇರಿನಲ್ಲಿ ತೆವಳುವ ಗಾಡಿಗಳಿಗೆ ಮಸಿಯ ಕಾಟ ಜಾಸ್ತಿ. ಅದೇ ಮಸಿ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಈಜಿಆರ್ ವಾಲ್ವನ್ನೂ ತೆರೆದ ಸ್ಥಿತಿಯಲ್ಲಿ ಹಿಡಿದುಬಿಟ್ಟರೆ ಟರ್ಬೊಗೆ ಸಲ್ಲಬೇಕಾದ ಹೊಗೆ ಮತ್ತೆ ಎಂಜಿನ್ನಿಗೇ ಹೋಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನ ಸುತ್ತ ಕಪ್ಪು ಮಸಿ, ತಣ್ಣಗಿನ ಎಂಜಿನ್ನಿನಲ್ಲಿ ಟಿಕ್ ಟಿಕ್ ಶಬ್ದ ಇದ್ದರೆ ಅಲ್ಲಿಯೂ ಹೊಗೆ ವ್ಯರ್ಥವಾಗುತ್ತಿದೆ.

ಸ್ಕ್ಯಾನರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ದೋಷಗಳನ್ನು ಕೋಡಿನಲ್ಲಿ ತಿಳಿಸುವ ಒಬಿಡಿ-2 ವ್ಯವಸ್ಥೆ 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ಕಡ್ಡಾಯವಾಯಿತು, ಅದಕ್ಕಿಂತ ಹಳೆಯ ಹಲವು ಗಾಡಿಗಳಲ್ಲೂ ಇದೆ. ಅದರ ಕೋಡುಗಳಲ್ಲಿ ಪಿ0299 ಎಂದರೆ ಬೂಸ್ಟ್ ಕಡಿಮೆ, ಪಿ0234 ಎಂದರೆ ಹೆಚ್ಚು. ಬೂಸ್ಟ್ ಕಡಿಮೆ ಎಂದಷ್ಟೇ ಪಿ0299 ಹೇಳುತ್ತದೆ, ಟರ್ಬೊ ಕೆಟ್ಟಿದೆ ಎಂದಲ್ಲ. ಸ್ಕ್ಯಾನರಿನ ಚೀಟಿ ತೋರಿಸಿ ಟರ್ಬೊ ಬದಲಿಸಬೇಕೆಂದರೆ ಒಪ್ಪಬೇಡಿ.

ಕೋಡಿಗಿಂತ ನೇರ ಓದು ಉಪಯುಕ್ತ. ಅಗ್ಗದ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಫೋನಿನ ಆ್ಯಪಿನಲ್ಲಿ ಇಂಟೇಕ್ ಮ್ಯಾನಿಫೋಲ್ಡ್ ಒತ್ತಡ ತೆರೆಯಿರಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಈ ಎರಡೂ ಊರುಗಳಲ್ಲಿ 100 ಕಿಲೋಪಾಸ್ಕಲ್‌ನ ಆಸುಪಾಸು ತೋರಿಸಬೇಕು. 80 ಅಥವಾ 120 ತೋರಿಸಿದರೆ ಸೆನ್ಸರೇ ಸುಳ್ಳು ಹೇಳುತ್ತಿದೆ. ಆಯಿಲ್ ಮಸಿ ಮೆತ್ತಿದ ಸೆನ್ಸರ್ ಬಿಚ್ಚಿ ಶುಚಿ ಮಾಡಿದ ಮೇಲೆ ಮತ್ತೆ ನೋಡಿ. ಇನ್ನು ಮೂರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಆರೋಗ್ಯವಂತ ಎಂಜಿನ್ 200ರ ಸುತ್ತಮುತ್ತಕ್ಕೆ ಬೇಗ ಏರುತ್ತದೆ. ನಿಖರ ಅಂಕಿ ಗಾಡಿಯಿಂದ ಗಾಡಿಗೆ ಬೇರೆ. ಕಂಪನಿ ಸ್ಕ್ಯಾನರಿನಲ್ಲಿ ಬೇಕಾದ ಬೂಸ್ಟ್, ಬಂದ ಬೂಸ್ಟ್ ಎರಡೂ ಅಕ್ಕಪಕ್ಕ ಸಿಗುತ್ತವೆ, ಅವುಗಳ ನಡುವಿನ ಅಂತರವೇ ಮುಖ್ಯ. ಹಳೆಯ ಮಾದರಿಯ ಓದು 255ಕ್ಕೆ ಮೇಲೆ ಹೋಗುವುದೇ ಇಲ್ಲ, ಅಲ್ಲಿಗೆ ನಿಂತಿತೆಂದು ತಲೆ ಕೆಡಿಸಿಕೊಳ್ಳಬೇಡಿ. ಫೋನ್ ನೋಡುವ ಕೆಲಸ ಪಕ್ಕದ ಸೀಟಿನವರದು. ನಿಂತ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿ ಬೂಸ್ಟ್ ಅಳೆಯಲು ಹೋಗಬೇಡಿ, ಹೊರೆಯಿಲ್ಲದೆ ಅದು ಏರುವುದಿಲ್ಲ.

ಕೊನೆಗೆ ಟರ್ಬೊ

ಎಲ್ಲವೂ ಸರಿಯಿದ್ದು ದೂರು ಮಾತ್ರ ಉಳಿದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟರ್ಬೊ ಬಾಯಿಯ ಹೋಸ್ ಕಳಚಿ ಬೆರಳಿನಿಂದ ಚಕ್ರ ಹಿಡಿದು ನೋಡಿ. ಪಕ್ಕಕ್ಕೆ ಸ್ವಲ್ಪ ಅಲುಗಾಡುವುದು ಸಹಜ, ಆಯಿಲ್ ಪದರಕ್ಕೆ ಬಿಟ್ಟ ಜಾಗ ಅದು. ಹಿಂದೆ ಮುಂದೆ ಎಳೆದಾಗ ಮಾತ್ರ ಅಲುಗಾಟ ಕೈಗೆ ತಿಳಿಯಬಾರದು. ಚಕ್ರದ ರೆಕ್ಕೆಗಳ ತುದಿ ಗೋಡೆಗೆ ಉಜ್ಜಿದ ಗುರುತು, ಮುರಿದ ಅಂಚು, ತಿರುಗಿಸಿದರೆ ಕರಕರ: ಇವುಗಳಲ್ಲಿ ಒಂದಿದ್ದರೂ ಟರ್ಬೊ ಹೋಗಿದೆ ಎಂಬ ಮಾತು ನಿಜ.

ಆಗ ಚಕ್ರ, ಕಡ್ಡಿ, ಬೇರಿಂಗುಗಳಿರುವ ಕೋರ್ ಮಾತ್ರ ಬದಲಿಸಬಹುದು ಅಥವಾ ಪೂರ್ತಿ ಯೂನಿಟ್ ಹಾಕಿಸಬಹುದು. ಕೋರ್ ಆದರೆ ಬ್ಯಾಲೆನ್ಸಿಂಗ್ ಮಾಡಿದ ವರದಿ ಕೇಳಿ. ಕೊಡದವರ ಬಳಿ ಬೇಡ, ಎಷ್ಟೇ ಅಗ್ಗವಾಗಲಿ. ಆಯಿಲ್ ತರುವ ಪೈಪನ್ನು ಹೊಸದೇ ಹಾಕಿಸಿ, ಕೆಲವು ಎಂಜಿನ್‌ಗಳಲ್ಲಿ ಅದರ ಬೋಲ್ಟಿನೊಳಗೆ ಸಣ್ಣ ಜಾಲರಿಯೂ ಇರುತ್ತದೆ, ಅದು ಕಟ್ಟಿಕೊಂಡರೆ ಹೊಸ ಬೇರಿಂಗು ಒಣಗಿ ಸಾಯುತ್ತದೆ. ರಿಟರ್ನ್ ಪೈಪ್ ತೊಳೆದು ಆಚೆ ಬದಿಯ ಬೆಳಕು ಕಾಣುವಂತಿರಬೇಕು, ಅದಕ್ಕೆ ಗ್ಯಾಸ್ಕೆಟ್ ಮಾತ್ರ, ಪೇಸ್ಟ್ ಬೇಡ. ಇಂಟರ್‌ಕೂಲರ್ ಬಿಚ್ಚಿ ಒಳಗಿನ ಆಯಿಲ್ ಪೂರ್ತಿ ಬಸಿಯಲೇಬೇಕು. ಹೊಸ ಆಯಿಲ್, ಹೊಸ ಫಿಲ್ಟರ್, ಗ್ರೇಡ್ ಗಾಡಿಯ ಪುಸ್ತಕದಲ್ಲಿದ್ದದ್ದೇ. ಟರ್ಬೊದ ಆಯಿಲ್ ಬಾಯಿಗೆ ಒಂದಿಷ್ಟು ಶುದ್ಧ ಆಯಿಲ್ ಸುರಿದು, ಸ್ಟಾರ್ಟ್ ಆಗದಂತೆ ಡೀಸೆಲ್ ತಪ್ಪಿಸಿ ಕ್ರ್ಯಾಂಕ್ ಮಾಡಿಸಿ, ಆಯಿಲ್ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿಸಬೇಕು. ಮೊದಲ ಕೆಲವು ನಿಮಿಷ ಐಡಲ್ ಮಾತ್ರ.

ಇಂಟರ್‌ಕೂಲರ್ ಬಸಿಯಿರಿ ಎಂದು ಒತ್ತಿ ಹೇಳಲು ಕಾರಣವಿದೆ. ಡೀಸೆಲ್ ಎಂಜಿನ್ ತನ್ನದೇ ಆಯಿಲನ್ನು ಇಂಧನವಾಗಿ ಸುಡಬಲ್ಲದು. ಸೀಲ್ ದಾಟಿ ಅಲ್ಲಿ ನಿಂತ ಆಯಿಲ್ ಒಮ್ಮೆಗೇ ಒಳನುಗ್ಗಿದರೆ ಎಂಜಿನ್ ತಾನಾಗಿ ಕಿರುಚುತ್ತಾ ವೇಗ ಏರಿಸಿಕೊಳ್ಳುತ್ತದೆ, ದಟ್ಟ ಹೊಗೆ ಕಕ್ಕುತ್ತದೆ, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗಾಡಿಯಾದರೆ ಬ್ರೇಕ್ ಪೂರ್ತಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಅತಿ ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟುಬಿಡಿ, ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಅದಾಗದಿದ್ದರೆ ಎಲ್ಲರನ್ನೂ ಇಳಿಸಿ ದೂರ ಸರಿಯಿರಿ. ಗಾಳಿಯ ಬಾಯಿಗೆ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಬೇಡಿ. ದಾರಿಯಲ್ಲಿ ಕೆಂಪು ಆಯಿಲ್ ದೀಪ ಹತ್ತಿದರೆ, ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಬಿದ್ದು ಸುಟ್ಟ ಹೊಗೆ ಒಳಗೆ ಬಂದರೆ, ಏಲೂರು ಹತ್ತಿರವಿದೆ, ತುನಿ ಹತ್ತಿರವಿದೆ ಎಂದು ಲೆಕ್ಕ ಹಾಕದೆ ಅಲ್ಲೇ ನಿಲ್ಲಿಸಿ ಟೋಯಿಂಗ್ ಕರೆಯಿರಿ.

ವಿಜಯವಾಡದಲ್ಲಿ ಸೆಕೆಂಡ್‌ಹ್ಯಾಂಡ್ ಟರ್ಬೊ ಡೀಸೆಲ್ ಕೊಳ್ಳುವವರು ಇನ್ನೊಂದನ್ನು ನೋಡಬೇಕು. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಹಳ್ಳ ಉಕ್ಕಿ ಅಜಿತ್ ಸಿಂಗ್ ನಗರದ ಕಡೆಯ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿದ್ದವು, ಸಾವಿರಾರು ವಾಹನಗಳೂ ಮುಳುಗಿದ್ದವು. ಅಂಥ ಗಾಡಿಯ ಸೀಟು, ಮ್ಯಾಟು ಹೊಸದಾಗಿರುತ್ತವೆ. ಇಂಟರ್‌ಕೂಲರಿನ ಕೆಳ ಹೋಸ್ ಕಳಚಿಸಿ ಬೆರಳಾಡಿಸಿ, ಒಣಗಿದ ಕೆಸರಿನ ಪುಡಿ ಅಲ್ಲಿ ಉಳಿದಿರುತ್ತದೆ. ಏರ್ ಫಿಲ್ಟರ್ ಡಬ್ಬಿಯ ತಳ, ಆಯಿಲ್ ಮುಚ್ಚಳದೊಳಗಿನ ಹಾಲುಬಣ್ಣದ ಗಸಿ, ಆಕ್ಚುಯೇಟರ್ ಕಡ್ಡಿಯ ಬುಡದ ತುಕ್ಕು ಇವನ್ನೂ ನೋಡಿ.

ರಿಪೇರಿ ಮುಗಿದ ಮೇಲೆ ಪರೀಕ್ಷೆಗೆ ವಿಶಾಖಪಟ್ಟಣದವರಿಗೆ ಅರಕು ರಸ್ತೆಗಿಂತ ಒಳ್ಳೆಯದಿಲ್ಲ. ಶೃಂಗವರಪುಕೋಟ ದಾಟಿ ಅನಂತಗಿರಿ ಘಾಟಿ ಶುರುವಾಗುವಲ್ಲಿ ಮೂರನೇ ಗೇರಿನಲ್ಲಿ 2,000 ಆರ್‌ಪಿಎಂ ಹಿಡಿದು ಏರಿಸಿ. ಗಾಡಿ ಎರಡನೇ ಗೇರ್ ಬೇಡದೆ, ಕಪ್ಪು ಹೊಗೆ ಬಿಡದೆ ಹತ್ತಿದರೆ ಬೂಸ್ಟ್ ಬಂದಿದೆ. ಸಿಂಹಾಚಲದ ಬೆಟ್ಟದ ರಸ್ತೆಯೂ ಆದೀತು, ಜನಜಂಗುಳಿ ಇಲ್ಲದ ದಿನ ನೋಡಿಕೊಳ್ಳಿ. ವಿಜಯವಾಡದವರು ಹೆದ್ದಾರಿಯಲ್ಲಿ ಹನುಮಾನ್ ಜಂಕ್ಷನ್‌ವರೆಗೆ ಹೋಗಿ ಬರಲಿ, ಗಾಡಿ ತುಂಬ ಜನ ಕೂತಿರಲಿ. ಘಾಟಿ ಹತ್ತಿ ಮೇಲೆ ತಲುಪಿದ ತಕ್ಷಣ ಆಫ್ ಮಾಡದೆ ಒಂದು ನಿಮಿಷ ಐಡಲಿನಲ್ಲಿ ಬಿಡಿ. ಮನೆಗೆ ಬಂದು ಮತ್ತೆ ರಟ್ಟು ಹಾಸಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೊಸ ಹೋಸುಗಳ ಕ್ಲಾಂಪುಗಳನ್ನು ಇನ್ನೊಂದು ಸುತ್ತು ಬಿಗಿಸಿ, ಡಿಪ್ ಸ್ಟಿಕ್ ಮಟ್ಟವನ್ನು ಕಿಲೋಮೀಟರ್ ಸಮೇತ ಬರೆದಿಡಿ.